ವೀಸಾ ಕೇಳದ ಊರು

ಉತ್ತರ ಧ್ರುವದ ಕಡೆಗೆ, 78 ಡಿಗ್ರಿ ಅಕ್ಷಾಂಶದಲ್ಲಿರುವ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಸ್ತೋಮದ ಲಾಂಗ್‌ಯೀರ್‌ಬೀನ್‌ಗೆ ಹೋದವರೆಲ್ಲ ಹಿಮಕರಡಿಯ ಎಚ್ಚರಿಕೆ ಫಲಕದ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಫಲಕದ ಮುಂದಿನ ನೂಕುನುಗ್ಗಲು ಕರಡಿಯನ್ನೇ ಓಡಿಸುವಂಥದ್ದು. ನನ್ನ ಕಣ್ಣು ಹುಡುಕಿದ್ದು ಮುದುಕರನ್ನು. ಸುಮಾರು ಎರಡೂವರೆ ಸಾವಿರ ಜನರ ಊರು. ಶಾಲೆ, ಚರ್ಚು, ಆಸ್ಪತ್ರೆ, ಬೆಲೆ ಕೇಳಿದರೆ ಹಸಿವೇ ಇಂಗಿಹೋಗುವ ತರಕಾರಿ ಎಲ್ಲ ಇವೆ. ಕೋಲೂರಿಕೊಂಡು ಬರುವ ಅಜ್ಜ ಅಜ್ಜಿಯರು ಮಾತ್ರ ಕಾಣುವುದೇ ಅಪರೂಪ. ಇಲ್ಲಿ ಸಾಯುವುದಕ್ಕೇ ನಿಷೇಧವಿದೆ ಎಂದು ಪ್ರವಾಸಿಗರು ರಂಜನೆಯಿಂದ ಹೇಳಿಕೊಳ್ಳುತ್ತಾರೆ. ಅಂಥ ಕಾನೂನೇನೂ ಇಲ್ಲ. ಸದಾ ಹೆಪ್ಪುಗಟ್ಟಿರುವ ನೆಲ ಹೂತ ಪೆಟ್ಟಿಗೆಯನ್ನು ಮೇಲಕ್ಕೆ ತಳ್ಳುವುದರಿಂದ ಶವ ಹೂಳುವುದಿಲ್ಲ, ಅಷ್ಟೆ. ಚಿತಾಭಸ್ಮಕ್ಕೆ ಅನುಮತಿ ಸಿಗುತ್ತದೆ. ನಿಜವಾದ ನಿಯಮ ಇಷ್ಟು ರಂಜಕವಲ್ಲ: ತನ್ನ ಹೊಟ್ಟೆ ತಾನು ಹೊರೆದುಕೊಳ್ಳಲಾಗದವರನ್ನು ಗವರ್ನರ್ ಊರಿನಿಂದ ಹೊರಗೆ ಕಳಿಸಬಹುದು. ವೃದ್ಧರ ಆರೈಕೆಗೆ ಒಂದು ಮನೆಯೂ ಇಲ್ಲ.

1920ರ ಸ್ವಾಲ್‌ಬಾರ್ಡ್ ಒಪ್ಪಂದದ ಪ್ರಕಾರ ಇಲ್ಲಿ ನೆಲೆಸಲು ವೀಸಾ ಬೇಡ. ಅಂದು ಬ್ರಿಟಿಷರು ಭಾರತದ ಪರವಾಗಿಯೂ ರುಜು ಹಾಕಿದ್ದರು. (ದಾರಿಯಲ್ಲಿ ನಾರ್ವೆಯ ಮುಖ್ಯಭೂಮಿ ಮುಟ್ಟುವುದಕ್ಕೆ ಷೆಂಗೆನ್ ವೀಸಾ ಬೇಕೇ ಬೇಕು, ಆ ಮಾತು ಬೇರೆ.) ಈ ಔದಾರ್ಯವನ್ನು ಹೊಗಳುವವರಿಗೆ ನಾನು ಹೇಳುವುದಿಷ್ಟೇ: ಇದು ದುಡಿಯುವ ರಟ್ಟೆಗೆ ಕೊಟ್ಟ ಸ್ವಾಗತ, ಮನುಷ್ಯನಿಗಲ್ಲ. ಅಮೆರಿಕದ ಲಾಂಗ್‌ಯೀರ್ 1906ರಲ್ಲಿ ಕಲ್ಲಿದ್ದಲಿಗಾಗಿ ಹಾಕಿದ ಶಿಬಿರದ ಗುಣ ಇನ್ನೂ ಹೋಗಿಲ್ಲ. ಹೋಟೆಲಿನಲ್ಲೂ ಮ್ಯೂಸಿಯಮ್ಮಿನಲ್ಲೂ ಬಾಗಿಲ ಬಳಿ ಸಾಲುಸಾಲು ಬೂಟುಗಳು, ಒಳಗೆ ಬರೀ ಕಾಲುಚೀಲದಲ್ಲಿ ಓಡಾಡುವ ಜನ. ಗಣಿಯ ಮಸಿ ಒಳಗೆ ಬರಬಾರದೆಂದು ಹುಟ್ಟಿದ ರೂಢಿ ಗಣಿಗಳು ಮುಚ್ಚಿದರೂ ಉಳಿದಿದೆ.

ಇಂಥ ಚಳಿಯಲ್ಲಿ, ಮನೆಗಳನ್ನೇ ಕಂಬಗಳ ಮೇಲೆ ನಿಲ್ಲಿಸಿ ಕೊಳವೆಗಳನ್ನು ನೆಲದ ಮೇಲೆ ಹಾಯಿಸಬೇಕಾದ ಜಾಗದಲ್ಲಿ, ಮುದುಕರನ್ನು ಸಾಕುವುದು ಹೇಗೆ ಎನ್ನಬಹುದು. ಆದರೆ ಆರ್ಕ್‌ಟಿಕ್ ವೃತ್ತದ ಒಳಗೇ ಇರುವ ನಾರ್ವೆಯ ಊರುಗಳಾದ ಟ್ರೋಮ್ಸೊ, ಹ್ಯಾಮರ್‌ಫೆಸ್ಟ್‌ಗಳಲ್ಲಿ ಜನ ಹುಟ್ಟಿ, ಮುಪ್ಪಾಗಿ, ಅಲ್ಲೇ ಮಣ್ಣಾಗುತ್ತಾರೆ. ತೆರಿಗೆ ಕಡಿಮೆ, ಹಾಗಾಗಿ ಸೌಲಭ್ಯವೂ ಕಡಿಮೆ ಎಂಬ ವಾದಕ್ಕೆ ಹೆಚ್ಚು ತೂಕವಿದೆ. ಇಲ್ಲಿ ಎತ್ತಿದ ತೆರಿಗೆ ಇಲ್ಲಿನ ಖರ್ಚಿಗಷ್ಟೇ ಎಂದು ಒಪ್ಪಂದವೇ ಹೇಳುತ್ತದೆ. ಆದರೂ ಈ ಲೆಕ್ಕ ಎಲ್ಲರಿಗೂ ಒಂದೇ ಸಮ ಅಲ್ಲ. ಕಾಯಿಲೆ ಬಿದ್ದ ನಾರ್ವೆಯವನಿಗೆ ಮುಖ್ಯಭೂಮಿಯ ಆಸರೆಯಿದೆ. ವರ್ಷಗಟ್ಟಲೆ ಇಲ್ಲಿ ದುಡಿದ ಥಾಯ್ಲೆಂಡಿನವಳಿಗೆ, ಫಿಲಿಪೀನ್ಸಿನವನಿಗೆ ಅದಿಲ್ಲ. 2022ರಲ್ಲಿ ನಾರ್ವೆ ಇನ್ನೊಂದು ಹೆಜ್ಜೆ ಮುಂದಿಟ್ಟು, ಮುಖ್ಯಭೂಮಿಯಲ್ಲಿ ಮೂರು ವರ್ಷ ವಾಸವಿರದ ವಿದೇಶಿಯರಿಂದ ಇಲ್ಲಿನ ಸ್ಥಳೀಯ ಮತದ ಹಕ್ಕನ್ನೂ ಕಿತ್ತುಕೊಂಡಿತು. 2025ರಲ್ಲಿ ಊರಿನ ಕೊನೆಯ ಗಣಿಯೂ ಮುಚ್ಚಿತು. ಕಲ್ಲಿದ್ದಲು ಹೋದಮೇಲೆ ಊರು ನೆಚ್ಚಿರುವುದರಲ್ಲಿ ದೊಡ್ಡ ಪಾಲು ಪ್ರವಾಸಿಗರದು, ಅವರ ಹೋಟೆಲುಗಳನ್ನು ನಡೆಸಿಕೊಡುವವರಲ್ಲಿ ಅನೇಕರು ಈ ಮತವಿಲ್ಲದವರೇ.