ಸುವೊನ್‌ನ ಕಿಮ್ಚಿ, ಶಿರೋಳದ ಕರಿಂಡಿ

ಸುವೊನ್‌ನಲ್ಲಿ ನನ್ನನ್ನು ಎಲ್ಲರೂ ‘ಸೊನ್‌ಸೆಂಗ್‌ನಿಮ್’ ಅಂತ ಕರೀತಿದ್ರು. ಹಾಗಂದ್ರೆ ಮೇಷ್ಟ್ರು. ಕೊನೆಯಲ್ಲಿರೋ ‘ನಿಮ್’ ನಮ್ಮ ಕಡೆಯ ‘ರೀ’ ಇದ್ದ ಹಾಗೆ, ಮರ್ಯಾದೆಗೆ ಹಚ್ಚೋದು. ನಾನು ಮೇಷ್ಟ್ರಲ್ಲ. ಇಂಜಿನಿಯರಿಂಗ್ ಮುಗಿಸಿ ಎಂಟು ವರ್ಷದಿಂದ ಬೆಂಗಳೂರಿನಲ್ಲಿ ಕೋಡ್ ಬರೀತಿರುವವನು. ಟೆಸ್ಟಿಂಗ್ ಟೂಲ್ ಒಂದನ್ನು ಅಲ್ಲಿಯ ಹೊಸ ಟೀಮಿಗೆ ಕಲಿಸಿ ಬಾ ಅಂತ ಕಂಪನಿಯವರು 2025ರ ಸೆಪ್ಟೆಂಬರ್ ಕೊನೆಗೆ ಮೂರು ತಿಂಗಳ ಮಟ್ಟಿಗೆ ಕಳಿಸಿದ್ದರು. ದಿನಕ್ಕೆ ಎರಡು ತಾಸು ಕ್ಲಾಸು, ಹದಿನಾಲ್ಕು ವಿದ್ಯಾರ್ಥಿಗಳು. ಅವರಲ್ಲಿ ಒಬ್ಬರಿಗೆ ನಮ್ಮಪ್ಪನ ವಯಸ್ಸು. ನಾನು ಒಳಗೆ ಬಂದರೆ ಅವರೂ ಎದ್ದು ತಲೆ ಬಾಗಿಸುತ್ತಿದ್ದರು. ಮೊದಲ ವಾರ ನನಗೇ ನಾಚಿಕೆ ಆಗೋದು.

ಸುವೊನ್ ಇರೋದು ರಾಜಧಾನಿ ಸೋಲ್‌ನಿಂದ ದಕ್ಷಿಣಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿ, ಮೆಟ್ರೊ ಹತ್ತಿದರೆ ಸಾಕು. ಸ್ಯಾಮ್ಸಂಗ್ ಎಲೆಕ್ಟ್ರಾನಿಕ್ಸ್‌ನ ಮುಖ್ಯ ಕಚೇರಿ ಅಲ್ಲೇ ಇದೆ. ಹೀಗಾಗಿ ನಮ್ಮ ದೇಶದ ಇಂಜಿನಿಯರುಗಳು ಅಲ್ಲಿಯವರಿಗೆ ಹೊಸಬರೇನಲ್ಲ. ‘ಅಪ್ಪ’ ಅಂದ್ರೆ ಅವರಿಗೂ ಅಪ್ಪನೇ, ಅಮ್ಮನಿಗೆ ‘ಒಮ್ಮ’ ಅಂತಾರೆ. ಕೇಳಿದ ಮೊದಲ ದಿನ ಖುಷಿಯಾಗುತ್ತೆ, ಆಮೇಲೆ ವಾಕ್ಯದ ಉಳಿದ ಭಾಗ ಒಂದೂ ತಿಳಿಯೋದಿಲ್ಲ!

ಹೋಗಿ ಒಂದು ವಾರವಾಗಿತ್ತು ಅಷ್ಟೇ, ಚುಸೊಕ್ ಬಂತು. ಸುಗ್ಗಿಯ ಹಬ್ಬ. ಆ ವರ್ಷ ಅಕ್ಟೋಬರ್ 6ಕ್ಕೆ ಬಿದ್ದಿತ್ತು, ನಮ್ಮ ಸೀಗಿ ಹುಣ್ಣಿಮೆಯದೇ ಚಂದ್ರ. ಎಲ್ಲರೂ ತಂತಮ್ಮ ಊರಿಗೆ ಹೋಗಿ ಹಿರಿಯರಿಗೆ ಎಡೆ ಇಡ್ತಾರೆ, ಸಮಾಧಿಯ ಸುತ್ತ ಹುಲ್ಲು ತೆಗೀತಾರೆ. ಅಕ್ಕಿಹಿಟ್ಟಿನಲ್ಲಿ ಎಳ್ಳು ತುಂಬಿ ಅರ್ಧಚಂದ್ರದ ಆಕಾರದಲ್ಲಿ ಹಬೆಯಲ್ಲಿ ಬೇಯಿಸಿದ ‘ಸೊಂಗ್‌ಪ್ಯೊನ್’ ತಿಂತಾರೆ. ನಮ್ಮ ಕಡುಬಿನ ದೂರದ ಸಂಬಂಧಿ ಅನ್ನಬಹುದು. ಶಿರೋಳದಲ್ಲಿ ಅದೇ ಹೊತ್ತಿಗೆ ಅಪ್ಪ ಎರಿ ಹೊಲದಲ್ಲಿ ಚರಗ ಚೆಲ್ಲಿ ಬಂದು ವಿಡಿಯೊ ಕಾಲ್ ಮಾಡಿದ. ಹಿಂದೆ ಅವ್ವ ಒಲೆಯ ಮುಂದೆ ಕೂತಿದ್ದಳು. ರೊಟ್ಟಿ ಬಡೀತಿದ್ದವಳು ಮಾತ್ರ ಪಕ್ಕದ ಮನೆಯ ಕಾಕಿ.

ಹೋದ ಬೇಸಿಗೆಯಲ್ಲಿ ಅವ್ವ ಹಿತ್ತಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದಳು. ಎಲುಬು ಕೂಡಿತು, ಹಿಡಿತ ವಾಪಸ್ ಬರಲಿಲ್ಲ. ರೊಟ್ಟಿ ಬಡಿಯೋದಿರಲಿ, ಚಹಾದ ಕಪ್ಪನ್ನೂ ಎಡಗೈಯಲ್ಲೇ ಎತ್ತುತ್ತಾಳೆ.

ಅಕ್ಟೋಬರ್ ಕೊನೆಗೆ ಊರಿಗೆ ಊರೇ ಹಳದಿಯಾಯಿತು. ರಸ್ತೆಯ ಎರಡೂ ಬದಿ ಗಿಂಕೊ ಮರಗಳು. ಎಲೆ ನೋಡಲು ಬಂಗಾರ, ಕೆಳಗೆ ಬಿದ್ದ ಹಣ್ಣು ತುಳಿದರೆ ಮಾತ್ರ ಗಬ್ಬು ನಾತ. ಇನ್‌ಸ್ಟಾಗ್ರಾಮ್‌ನಲ್ಲಿ ಆ ವಾಸನೆ ಬರೋದಿಲ್ಲ, ಅದಕ್ಕೇ ಹೇಳ್ತಿದ್ದೀನಿ.

ಶನಿವಾರ, ಭಾನುವಾರ ನಾನು ಹೋಗ್ತಿದ್ದದ್ದು ಹ್ವಾಸೊಂಗ್ ಕೋಟೆಗೆ. ಸುಮಾರು 5.7 ಕಿ.ಮೀ. ಉದ್ದದ ಗೋಡೆ ಹಳೇ ಊರನ್ನು ಸುತ್ತುವರಿದಿದೆ. ನಿಧಾನಕ್ಕೆ ನಡೆದರೂ ಎರಡೂವರೆ ತಾಸಿನಲ್ಲಿ ಸುತ್ತು ಮುಗೀತದೆ. ಉತ್ತರದ ದೊಡ್ಡ ಬಾಗಿಲು ಜಾಂಗನ್‌ಮುನ್‌ನಿಂದ ಶುರು ಮಾಡಿ, ಏಳು ಕಮಾನಿನ ಕೆಳಗೆ ಹೊಳೆ ಹರಿಯೋ ಹ್ವಾಹೊಂಗ್‌ಮುನ್ ದಾಟಿ, ಊರ ನಡುವಿನ ಮಾರ್ಕೆಟ್ ಹಾದು, ಕೊನೆಗೆ ಪಾಲ್ದಾಲ್ ಗುಡ್ಡ ಹತ್ತಿದರೆ ಸಂಜೆ ಬಿಸಿಲಲ್ಲಿ ಇಡೀ ಸುವೊನ್ ಕಾಣುತ್ತೆ.

ಇದನ್ನು ಕಟ್ಟಿಸಿದ ರಾಜ ಜೊಂಗ್ಜೊ. ಅವನ ಅಪ್ಪ, ಯುವರಾಜ ಸಾದೊನನ್ನು ಸ್ವಂತ ತಂದೆಯೇ 1762ರಲ್ಲಿ ಅಕ್ಕಿ ಪೆಟ್ಟಿಗೆಯೊಳಗೆ ಕೂಡಿಹಾಕಿಸಿದ. ಎಂಟು ದಿನಕ್ಕೆ ಆತ ಒಳಗೇ ಸತ್ತ. ಆಗ ಜೊಂಗ್ಜೊ ಇನ್ನೂ ಹುಡುಗ. ಮುಂದೆ ತಾನು ರಾಜನಾದಾಗ ಅಪ್ಪನ ಸಮಾಧಿಯನ್ನು ಸುವೊನ್ ಬಳಿಗೆ ತಂದು, ಅದರ ಹತ್ತಿರ 1794ರಿಂದ 1796ರವರೆಗೆ ಈ ಕೋಟೆ ಕಟ್ಟಿಸಿದ. ಕಲ್ಲು ಎತ್ತೋಕೆ ಜೊಂಗ್ ಯಾಕ್-ಯೊಂಗ್ ಅನ್ನೋ ವಿದ್ವಾಂಸ ರಾಟೆಗಳ ಯಂತ್ರವನ್ನೇ ರೂಪಿಸಿಕೊಟ್ಟಿದ್ದ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಗೋಡೆಗಿಂತ ಹೆಚ್ಚಾಗಿ ಅದರ ಡಾಕ್ಯುಮೆಂಟೇಶನ್. ಕೆಲಸ ಮುಗಿದ ಮೇಲೆ ಎಲ್ಲವನ್ನೂ ಬರೆದು 1801ರಲ್ಲಿ ‘ಹ್ವಾಸೊಂಗ್ ಸೊಂಗ್ಯೊಕ್ ಉಯಿಗ್ವೆ’ ಅಂತ ಅಚ್ಚು ಹಾಕಿಸಿದರು. ಪ್ರತಿ ಕಟ್ಟಡದ ಚಿತ್ರ, ಅಳತೆ, ಎಷ್ಟು ಕಲ್ಲು, ಎಷ್ಟು ಇಟ್ಟಿಗೆ, ಯಾರು ಎಷ್ಟು ದಿನ ಕೆಲಸ ಮಾಡಿದರು, ಎಷ್ಟು ಕೂಲಿ. ಕಲ್ಲುಕುಟಿಗರ, ಬಡಗಿಗಳ ಹೆಸರೂ ಇವೆ, ಅರ್ಧ ದಿನದ ಕೂಲಿಯ ಲೆಕ್ಕವೂ ಇದೆ. ಕೊರಿಯಾ ಯುದ್ಧದಲ್ಲಿ ಕೋಟೆಯ ಎಷ್ಟೋ ಭಾಗ ಹಾಳಾಯಿತು. 1970ರ ದಶಕದಲ್ಲಿ ಈ ಪುಸ್ತಕ ಮುಂದಿಟ್ಟುಕೊಂಡು ಮತ್ತೆ ಕಟ್ಟಿದರು. 1997ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಆರು ತಿಂಗಳ ಹಿಂದೆ ನಾನೇ ಬರೆದ ಕೋಡ್ ನನಗೆ ಅರ್ಥ ಆಗೋದಿಲ್ಲ. ಇವರು ಇನ್ನೂರು ವರ್ಷದ ಹಿಂದಿನದನ್ನು ಓದಿ ಗೋಡೆ ಎಬ್ಬಿಸಿದ್ದಾರೆ.

ನಮ್ಮ ನರಗುಂದದ ಗುಡ್ಡದ ಮೇಲೂ ಕೋಟೆ ಇದೆ. ಶಾಲೆಯಲ್ಲಿದ್ದಾಗ ಬುತ್ತಿ ಕಟ್ಟಿಕೊಂಡು ಹತ್ತಿದ್ದೆವು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದ ಬಾಬಾಸಾಹೇಬರ ಕಥೆ ನಮಗೆಲ್ಲ ಬಾಯಿಪಾಠ. ಆದರೆ ಆ ಗೋಡೆಗೆ ಕಲ್ಲು ಹೊತ್ತವರಲ್ಲಿ ಒಬ್ಬನ ಹೆಸರೂ ನಮಗೆ ಯಾರೂ ಹೇಳಿಕೊಡಲಿಲ್ಲ. ಪಾಲ್ದಾಲ್ ಗುಡ್ಡದ ಮೇಲೆ ಕೂತು ನನಗೆ ನೆನಪಾದದ್ದು ಅದು.

ನವೆಂಬರ್ 13ಕ್ಕೆ ನಮ್ಮ ಕ್ಲಾಸು ತಡವಾಗಿ ಶುರುವಾಯಿತು. ಅವತ್ತು ಅಲ್ಲಿಯ ಕಾಲೇಜು ಪ್ರವೇಶ ಪರೀಕ್ಷೆ. ಮಕ್ಕಳಿಗೆ ಟ್ರಾಫಿಕ್ ಅಡ್ಡ ಬರಬಾರದು ಅಂತ ಎಷ್ಟೋ ಆಫೀಸುಗಳು ಹತ್ತಕ್ಕೆ ತೆಗೀತವೆ. ಇಂಗ್ಲಿಷ್ ಕೇಳಿಸಿಕೊಂಡು ಬರೆಯೋ ಹೊತ್ತಿನಲ್ಲಿ ವಿಮಾನಗಳೂ ಹಾರೋದಿಲ್ಲ. ಸಿಇಟಿ ಬರೆದವರು ಇದನ್ನು ಓದಿ ಹೊಟ್ಟೆಕಿಚ್ಚು ಪಡಬಹುದು.

ಇನ್ನು ಕಿಮ್ಚಿ. ಮೊದಲ ಎರಡು ವಾರ ‘ಇದೊಂದೇ ನನಗೆ ಆಗೋ ಪಲ್ಯ’ ಅಂತ ಅನ್ನದ ಜೊತೆ ಬಟ್ಟಲುಗಟ್ಟಲೆ ತಿಂದಿದ್ದೆ. ಅದರಲ್ಲಿ ಉಪ್ಪಿಗೆ ಹಾಕಿದ ಸಣ್ಣ ಸಿಗಡಿ, ಮೀನಿನ ರಸ ಇರ್ತದೆ ಅಂತ ಆಮೇಲೆ ಗೊತ್ತಾಯಿತು. ಅವ್ವನಿಗೆ ಇವತ್ತಿಗೂ ಹೇಳಿಲ್ಲ. ಕ್ಲಾಸಿನ ಆ ಹಿರಿಯರು ನನ್ನ ಮುಖ ನೋಡಿ ನಗಲಿಲ್ಲ. ‘ಮುಂದಿನ ಶನಿವಾರ ನಮ್ಮಮ್ಮನ ಮನೆಗೆ ಬನ್ನಿ, ಕಿಮ್ಜಾಂಗ್ ಇದೆ’ ಅಂತ ಫೋನಿನಲ್ಲಿ ಅನುವಾದ ಮಾಡಿ ತೋರಿಸಿದರು.

ಚಳಿಗಾಲಕ್ಕೆಂದು ಮನೆಮಂದಿ, ನೆರೆಹೊರೆಯವರು ಕೂಡಿ ಕಿಮ್ಚಿ ಹಾಕೋದೇ ಕಿಮ್ಜಾಂಗ್. 2013ರಲ್ಲಿ ಯುನೆಸ್ಕೊ ಪಟ್ಟಿಗೆ ಇದೂ ಸೇರಿದೆ. ಹಿಂದೆ ಜಾಡಿಗಳನ್ನು ನೆಲದಲ್ಲಿ ಹೂಳುತ್ತಿದ್ದರು, ಈಗ ಕಿಮ್ಚಿಗೆ ಅಂತಲೇ ಬೇರೆ ಫ್ರಿಡ್ಜ್. ಬಸ್ಸಿನಲ್ಲಿ ಒಂದೂವರೆ ತಾಸು ಹೋಗಿ ಇಳಿದರೆ ಅಂಗಳದಲ್ಲಿ ರಾತ್ರಿಯಿಡೀ ಉಪ್ಪುನೀರಲ್ಲಿ ನೆನೆದ ಎಂಬತ್ತು ಉದ್ದನೆಯ ಕೋಸುಗಳು, ದೊಡ್ಡ ಬುಟ್ಟಿಯ ತುಂಬ ಕೆಂಪು ಖಾರ. ಆ ಖಾರಪುಡಿಗೆ ಬಣ್ಣ ಜಾಸ್ತಿ, ಉರಿ ಕಡಿಮೆ, ಥೇಟ್ ನಮ್ಮ ಬ್ಯಾಡಗಿ ಮೆಣಸಿನಕಾಯಿ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ನಮ್ಮಲ್ಲಿಗೆ ಪೋರ್ಚುಗೀಸರ ಹಡಗಿನಲ್ಲಿ ಬಂತು, ಬೇರೆ ದಾರಿ ಹಿಡಿದು ಅವರಲ್ಲಿಗೂ ಹೋಯಿತು.

ಅಜ್ಜಿಗೆ ಎಂಬತ್ತರ ಮೇಲೆ ವಯಸ್ಸು. ಅವರು ಕೈ ಹಚ್ಚಲಿಲ್ಲ. ಸ್ಟೂಲಿನ ಮೇಲೆ ಕೂತು, ಸೊಸೆ ಬೆರೆಸಿದ ಮಸಾಲೆಯನ್ನು ಬೆರಳಲ್ಲಿ ನೆಕ್ಕಿ ‘ಉಪ್ಪು’, ‘ಬೆಳ್ಳುಳ್ಳಿ’ ಅಂತ ಒಂದೊಂದೇ ಮಾತು ಹೇಳ್ತಿದ್ದರು. ಪಕ್ಕದಲ್ಲಿ ಮೊಮ್ಮಗಳು ಫೋನ್ ಹಿಡಿದು ಎಲ್ಲವನ್ನೂ ರೆಕಾರ್ಡ್ ಮಾಡ್ತಿದ್ದಳು. ನಾನೂ ಗ್ಲೌಸ್ ಹಾಕಿಕೊಂಡು ಎಲೆ ಎಲೆಯ ನಡುವೆ ಖಾರ ಸವರಿದೆ. ಮಧ್ಯಾಹ್ನ ಅವರೆಲ್ಲ ಹೊಸ ಕಿಮ್ಚಿಯ ಜೊತೆ ಹಂದಿ ಮಾಂಸ ತಿಂದರು, ನನ್ನ ತಟ್ಟೆಗೆ ತೋಫು ಬಂತು. ಹೊರಡುವಾಗ ಅಜ್ಜಿ ಒಂದು ಚಿಕ್ಕ ಡಬ್ಬಿ ಕೊಟ್ಟರು. ಮೀನು, ಸಿಗಡಿ ಹಾಕದೆ ನನಗೆಂದೇ ಬೇರೆ ಮಾಡಿದ್ದು.

ವಾಪಸ್ ಬರುವಾಗ ಬಸ್ಸಿನಲ್ಲಿ ಡಬ್ಬಿ ತೊಡೆಯ ಮೇಲಿತ್ತು. ಮುಚ್ಚಳದಿಂದ ಬರ್ತಿದ್ದ ವಾಸನೆಗೆ ನೆನಪಾದದ್ದು ಕರಿಂಡಿ. ಶಿರೋಳದ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರಬಹುದು. ಮನೆಮನೆಯಿಂದ ರೊಟ್ಟಿ ಹೋಗ್ತವೆ, ಎಲ್ಲ ಜಾತಿಯವರೂ ಒಂದೇ ಪಂಕ್ತಿಯಲ್ಲಿ ಕೂತು ರೊಟ್ಟಿ, ಕರಿಂಡಿ, ಬಾನ ಉಣ್ಣುತ್ತಾರೆ. ಆ ಜಾತ್ರೆಗೆ ಬರೋ ನೆಂಟರಿಗಾಗಿ ಅವ್ವ ಪ್ರತಿ ವರ್ಷ ಎರಡು ಭರಣಿ ಕರಿಂಡಿ ಹಾಕ್ತಿದ್ದಳು. ನಾನು ಬೆಂಗಳೂರಿಗೆ ಡಬ್ಬಿ ತುಂಬಿಕೊಂಡು ಬರ್ತಿದ್ದೆ. ಎಂಟು ವರ್ಷದಲ್ಲಿ ಒಂದು ಸಲವೂ ಹೇಗೆ ಮಾಡ್ತಾರೆ ಅಂತ ಕೇಳಿರಲಿಲ್ಲ.

ರೂಮಿಗೆ ಬಂದವನೇ ಫೋನ್ ಮಾಡಿದೆ.

‘ಯವ್ವಾ, ಕರಿಂಡಿಗೆ ಏನೇನು ಹಾಕ್ತೀ?’

‘ಯಾಕೋ ತಮ್ಮಾ, ಅಲ್ಲೆ ಉಣ್ಣಾಕ ಸಿಗವಲ್ದೇನು?’

‘ಸಿಗತೈತಿ. ಹೇಳು.’

ಹಸಿಮೆಣಸಿನಕಾಯಿ, ಅಗಸಿ, ಬಳ್ಳೊಳ್ಳಿ, ಮೆಂತ್ಯ, ಸಾಸಿವೆ, ಲಿಂಬಿ ರಸ, ಉಪ್ಪು. ಮೇಲೆ ಹೆಚ್ಚಿದ ಗಜ್ಜರಿ, ಸೌತಿಕಾಯಿ. ಭರಣಿಯಲ್ಲಿ ಮೂರು ನಾಲ್ಕು ದಿನ ಇಟ್ಟರೆ ಹುಳಿ ಬರ್ತದೆ. ಎಕ್ಸೆಲ್ ಶೀಟ್ ತೆಗೆದು ಒಂದೊಂದೇ ಸಾಲು ಬರೆದುಕೊಂಡೆ. ಎಷ್ಟು ಅಂತ ಕೇಳಿದರೆ ಎಲ್ಲದಕ್ಕೂ ಒಂದೇ ಉತ್ತರ: ‘ಕಣ್ಣಳತಿ.’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಈ ವರ್ಷ ಹಾಕೂದಿಲ್ಲ ಬಿಡು, ಕೈ ಬರಂಗಿಲ್ಲ’ ಅಂದಳು.

ಡಿಸೆಂಬರ್ ಕೊನೆಗೆ ಸೀದಾ ಶಿರೋಳಕ್ಕೆ ಹೋದೆ. ಸುವೊನ್‌ನಲ್ಲಿ ಕೊಂಡ ಸಣ್ಣ ಡಿಜಿಟಲ್ ತಕ್ಕಡಿ ಬ್ಯಾಗಿನಲ್ಲಿತ್ತು. ಅವ್ವನನ್ನು ಮಣೆಯ ಮೇಲೆ ಕೂಡಿಸಿ, ನಾನು ಒಳ್ಳಿನ ಮುಂದೆ ಕೂತೆ. ಅವಳು ಎಡಗೈಯಲ್ಲಿ ಉಪ್ಪು ತೆಗೆದಾಗಲೆಲ್ಲ ಕೆಳಗೆ ತಕ್ಕಡಿ ಹಿಡಿದೆ. ‘ಎಡಗೈ ಹಿಡಿ ಬ್ಯಾರೆ, ಬಲಗೈ ಹಿಡಿ ಬ್ಯಾರೆ. ನಿನ್ನ ತಕ್ಕಡಿ ಸುಳ್ಳ ಹೇಳತೈತಿ’ ಅಂದಳು. ಕುಟ್ಟಿ ಕುಟ್ಟಿ ನನ್ನ ಅಂಗೈಯಲ್ಲಿ ಎರಡು ಬೊಬ್ಬೆ ಎದ್ದವು. ಅಪ್ಪ ಬಾಗಿಲಲ್ಲಿ ನಿಂತು ನಗ್ತಿದ್ದ.

ನಾಲ್ಕನೇ ದಿನ ಭರಣಿ ತೆಗೆದೆವು. ಅವ್ವ ರೊಟ್ಟಿಯ ಚೂರಿಗೆ ಹಚ್ಚಿಕೊಂಡು ನಿಧಾನಕ್ಕೆ ಅಗಿದಳು. ‘ಅಗಸಿ ಇನ್ನೊಂದೀಟು ಬೇಕಿತ್ತು’ ಅಂದಳು. ಶೀಟಿನಲ್ಲಿ 60 ಗ್ರಾಂ ಅಂತಿದ್ದದ್ದನ್ನು 75 ಮಾಡಿದೆ. ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡು, ‘ನಿಮ್ಮಜ್ಜಿ ಇದಕ್ಕ ಹಸಿಶುಂಠಿ ಹಾಕತಿದ್ಲು. ನನಗ ಮರತs ಹೋಗಿತ್ತು ನೋಡು’ ಅಂದಳು. ಮುಚ್ಚಿದ್ದ ಲ್ಯಾಪ್‌ಟಾಪ್ ಮತ್ತೆ ತೆಗೆದೆ.