ಹನ್ನೆರಡು ವರ್ಷ ಕಾಯಿಸಿದ ಹಾಡು

ಗ್ರೀಸ್ ದೇಶದ ಸಂಗೀತಗಾರ ವ್ಯಾಂಗೆಲಿಸ್ ತೀರಿಕೊಂಡದ್ದು 2022ರ ಮೇ 17ರಂದು, 79ನೇ ವಯಸ್ಸಿನಲ್ಲಿ. ಹೆಸರು ಗೊತ್ತಿರಲಿಕ್ಕಿಲ್ಲ. ಆದರೆ ಕಡಲ ದಂಡೆಯಲ್ಲಿ ಓಟಗಾರರು ನಿಧಾನಕ್ಕೆ ಓಡುವ ದೃಶ್ಯದ ಪಿಯಾನೊ ಕೇಳಿಸಿದರೆ 'ಓ, ಇದಾ' ಅಂತೀರಿ. 'ಚಾರಿಯಟ್ಸ್ ಆಫ್ ಫೈರ್' ಸಿನಿಮಾದ್ದು ಅದು, 1982ರಲ್ಲಿ ಆಸ್ಕರ್ ತಂದುಕೊಟ್ಟಿತು. ಅವರು ತೀರಿಕೊಂಡಾಗ ಪತ್ರಿಕೆಗಳ ಶೀರ್ಷಿಕೆಯೂ ಬಹುಪಾಲು ಅದೇ. ಸುಲಭ ಶೀರ್ಷಿಕೆ; ನಾವೂ ಇದೇ ಕಸುಬಿನವರು, ಗೊತ್ತು.

ನಮಗೆ ಮಾತ್ರ ಅವರೆಂದರೆ 'ಬ್ಲೇಡ್ ರನ್ನರ್'. ಸುದ್ದಿ ಕಳಿಸಿ ರಾತ್ರಿ ಬಸ್ಸಿನಲ್ಲಿ ಮರಳುವಾಗ ಇಯರ್‌ಫೋನಿನಲ್ಲಿ ಕೇಳುವುದು ಅದನ್ನೇ. ನೊಟೇಶನ್ ಓದದ ಮನುಷ್ಯ ಯಮಾಹಾ ಸಿಎಸ್-80 ಎಂಬ ಸಿಂಥಸೈಜರ್ ಮುಂದೆ ಕೂತು ನುಡಿಸಿದ್ದು. ಬೆರಳು ಒತ್ತಿದಷ್ಟೂ ಸ್ವರ ಉಬ್ಬುತ್ತದೆ, ಯಾರೋ ಉಸಿರು ಬಿಟ್ಟ ಹಾಗೆ.

ಸಿನಿಮಾ 1982ರಲ್ಲೇ ಬಂತು. ಅಂಗಡಿಗೆ ಬಂದದ್ದು ಮಾತ್ರ ಬೇರೊಂದು ವಾದ್ಯವೃಂದ ನುಡಿಸಿದ ರೆಕಾರ್ಡು. ಅಭಿಮಾನಿಗಳಿಗೆ ಅದು ಹಿಡಿಸಲಿಲ್ಲ. ಮೂಲ ಸಂಗೀತದ ಕಳ್ಳ ಪ್ರತಿಗಳು ಕೈಯಿಂದ ಕೈಗೆ ಹೋದವು. ಕಾನೂನಿನ ಲೆಕ್ಕದಲ್ಲಿ ತಪ್ಪೇ, ನಾವು ಬೈಯಲಾರೆವು. ಅಧಿಕೃತ ಆಲ್ಬಂ ಬಂದದ್ದು 1994ರಲ್ಲಿ. ಅದರಲ್ಲೂ ಕೆಲವು ತುಣುಕು ಇರಲಿಲ್ಲ. ಮತ್ತೆ ಕಾದರು. 2007ರಲ್ಲಿ 3 ಸಿ.ಡಿ.ಗಳ ಕಟ್ಟು ಬಂತು.