ಹಳೆಯ ಜಾವಾ, ಹೊಸ ಟೈರು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅದರ 1960ರ ದಶಕದ ಕೂಸೊಂದು ಹುಣಸೂರಿನ ನಮ್ಮ ಮನೆಯಲ್ಲಿ ಇನ್ನೂ ಗುಡುಗುತ್ತಿದೆ. ತಾತನ ಕಾಲದ ಈ ಗಾಡಿಯ ಬಣ್ಣವನ್ನು ಹೊಗಳುವವರು ಬಹಳ, ಟೈರನ್ನು ನೋಡುವವರು ವಿರಳ. "ಗ್ರಿಪ್ಪು ಸವೆದಿಲ್ಲವಲ್ಲ!" ಎನ್ನುತ್ತಾರೆ ನೆಂಟರು. ಗ್ರಿಪ್ಪು ಸವೆಯದ ಮಾತ್ರಕ್ಕೆ ಮುಪ್ಪು ಬಾರದೇ? ನಿಂತಲ್ಲೇ ನಿಂತ ರಬ್ಬರೂ ಗಡುಸಾಗಿ ಬಿರಿಯುತ್ತದೆ. ಮಳೆಯ ರಸ್ತೆಯಲ್ಲಿ ಜಾರುತ್ತದೆ. ಅದರ ಜಾತಕ ಪಕ್ಕದಲ್ಲೇ ಅಚ್ಚಾಗಿದೆ: 1219 ಎಂದರೆ 2019ರ 12ನೆಯ ವಾರ. ಅಂಗಡಿಯಲ್ಲಿ 3.25–16ರ ಅಳತೆ ಕೇಳಿದರಷ್ಟೇ ಸಾಲದು. ಈ ಅಂಕಿಯನ್ನೂ ಓದಬೇಕು, ಹೊಸ ಟ್ಯೂಬನ್ನೂ ಕೊಳ್ಳಬೇಕು. ಗಾಳಿಯನ್ನು ಟೈರು ತಣ್ಣಗಿರುವಾಗಲೇ ಅಳೆಯಬೇಕು. ಹೆಗ್ಗಡದೇವನಕೋಟೆಗೆ ಹೋಗುವಾಗ ನನ್ನ ಹಿಂದೆ ಕೂರುವವರು ಅಮ್ಮ. ನಮ್ಮಿಬ್ಬರನ್ನೂ ರಸ್ತೆಯ ಮೇಲೆ ಹಿಡಿದಿಡುವುದು ಎರಡು ಕಡೆ ಅಂಗೈಯಗಲದಷ್ಟು ರಬ್ಬರು ಮಾತ್ರ. ಬಣ್ಣವನ್ನು ಆಮೇಲೆ ಬಳಿಯಬಹುದು.